ಮೊದಲಿಂದೇ ಹಾಕು

ಡಿಸೆಂಬರ್ ೭, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತು. ಬೀದರಿನ ನಮ್ಮ ಮನೆಯ ಮುಂದೆ ಅವ್ವ ಗಾಡಿ ತೊಳೆದು, ನೆರಳಿಗೆ ತಗೊಂಡು ನಿಲ್ಲಿಸಲು ಚಾಲೂ ಮಾಡಿದಳು. ಮೀಟರಿನಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪ ಹತ್ತಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ದೀಪ ಹಾಗೇ ಇತ್ತು.

ಇಂಥವನ್ನು ನಾನು ಬರೆದಿಡುತ್ತೇನೆ. ಭಾಲ್ಕಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ದಿನಾ ಬೀದರಿನಿಂದ ರೈಲಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ತಾರೀಖು, ಗಂಟೆ ಬರೆಯದಿದ್ದರೆ ಒಬ್ಬರ ಸಕ್ಕರೆ ಇನ್ನೊಬ್ಬರ ಮೈಗೆ ಹತ್ತುತ್ತದೆ. ಆ ಚಾಳಿ ಮನೆಗೂ ಬಂದು, ಗಾಡಿ ಎಷ್ಟು ಪೆಟ್ರೋಲಿಗೆ ಎಷ್ಟು ಓಡಿತು ಎಂಬುದನ್ನೂ ಬರೆಯುವಂತಾಗಿದೆ.

ಗಾಡಿ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಸಣ್ಣ ಬಿಳಿ ಪೆಟ್ರೋಲ್ ಕಾರು. ಗಾಂಧಿ ಗಂಜಿನ ಪೇಟೆಯಲ್ಲಿ ತೊಗರಿ, ಉದ್ದಿನ ಅಡತಿ, ಅಂದರೆ ದಲಾಲಿ ಅಂಗಡಿ ನಡೆಸುತ್ತಿದ್ದಾಗ ಮುತ್ಯಾ ಇದನ್ನು ತಗೊಂಡಿದ್ದ. ಅಂಗಡಿ ಈಗ ಅಪ್ಪ ನೋಡಿಕೊಳ್ಳುತ್ತಾನೆ. ಕಣ್ಣಿಗೆ ಮಬ್ಬು ಬಂದು ಮುತ್ಯಾ ಓಡಿಸುವುದು ಬಿಟ್ಟಮೇಲೆ ಒಂದೆರಡು ವರ್ಷ ಗಾಡಿಯೂ ಅಪ್ಪನ ಕೈಯಲ್ಲಿತ್ತು. ಆಮೇಲೆ ಮುತ್ಯಾ ಕೀಲಿ ಇಸಕೊಂಡು ಸೊಸೆಯ ಕೈಗೆ ಕೊಟ್ಟ. "ಇಂವ ಗಂಜಿಗಿ ನಡಕೋತ ಹೋಗಲಿ, ಹೊಟ್ಟಿ ಕರಗ್ತದ. ಎಕಂಬಾಕ ಹೋಗೋರು ನೀ ಇದ್ದಿ," ಅಂದ.

ಅವ್ವ ಔರಾದ ತಾಲೂಕಿನ ಎಕಂಬಾದಲ್ಲಿ ಸಾಲಿ ಟೀಚರ್. ಬೀದರಿನಿಂದ ಔರಾದಕ್ಕೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಎರಡನೆಯದು ಸಿಕ್ಕರೆ ಸಿಕ್ಕಿತು. ಸಿಗದ ದಿನ ಜೀಪಿನ ಹಿಂದೆ ನಿಂತುಕೊಂಡು ಹೋಗಿದ್ದೂ ಉಂಟು. ನಲವತ್ತಾರನೆಯ ವಯಸ್ಸಿನಲ್ಲಿ ಅವಳು ಗಾಡಿ ಕಲಿತಳು. ಮೊದಲ ತಿಂಗಳು ಗೇರ್ ಬದಲಿಸುವಾಗಲೆಲ್ಲ "ಬಸವಾ ಬಸವಾ" ಅನ್ನುತ್ತಿದ್ದಳು. ಆಮೇಲೆ ಅದು ನಿಂತು ವಚನ ಹಾಡುವುದು ಶುರುವಾಯಿತು. ಕಿಟಕಿ ಏರಿಸಿ, ಗಂಟಲು ಬಿಟ್ಟು. ಒಮ್ಮೆ ನಾನು ಜೊತೆಗಿದ್ದಾಗ, "ಬಸ್ಸಿನ್ಯಾಗ ಹಿಂಗ ಹಾಡ್ಲಿಕ್ಕಿ ಬರ್ತದೇನು? ಕಂಡಕ್ಟರ್ ಇಳಸ್ತಾನ," ಅಂದಳು. ಸಾಲಿಯಲ್ಲಿ ಅವಳು ಟೀಚರ್, ಮನೆಯಲ್ಲಿ ಸೊಸೆ. ಬೀದರ ಬಿಟ್ಟು ಎಕಂಬಾ ಮುಟ್ಟುವವರೆಗಿನ ದಾರಿಯಲ್ಲಿ ಅವಳು ಯಾರೂ ಅಲ್ಲ, ಬರೀ ಹಾಡುವವಳು.

ಅಪ್ಪನಿಗೆ ಇದು ಮೊದಲಿನಿಂದಲೂ ಸರಿಬಂದಿರಲಿಲ್ಲ. ಸಿಟ್ಟಲ್ಲ, ಹೆದರಿಕೆ. ಸಂಜೆ ಅವ್ವ ಬರುವ ಹೊತ್ತಿಗೆ ಅಂಗಡಿ ಬಿಟ್ಟು ಬಂದು ಓಣಿಯ ಬಾಯಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಕೇಳಿದರೆ "ಗಾಳಿಗಿ ನಿಂತೀನಿ," ಅನ್ನುತ್ತಿದ್ದ. ಹೆದರಿಕೆ ಅಂತ ಹೇಳಿಕೊಳ್ಳಲಾಗದೆ ಪೆಟ್ರೋಲಿನ ಮೇಲೆ ಹೇಳುತ್ತಿದ್ದ. ಮಳೆಗಾಲದಿಂದ ಗಾಡಿ ಪೆಟ್ರೋಲು ಕುಡಿಯುವುದು ಹೆಚ್ಚಾಗಿತ್ತು. ಅಪ್ಪ ಓಡಿಸುತ್ತಿದ್ದಾಗ ಲೀಟರಿಗೆ ಹದಿನೇಳು ಕಿಲೋಮೀಟರ್ ಕೊಡುತ್ತಿದ್ದದ್ದು ಈಗ ಹನ್ನೊಂದಕ್ಕೆ ಇಳಿದಿತ್ತು. ಸೈಲೆನ್ಸರಿನ ಬಾಯಿ ಒಲೆಯ ಹಾಗೆ ಕರ್ರಗಾಗಿತ್ತು.

ದೀಪ ಹತ್ತಿದ ಆ ಭಾನುವಾರ ಅಪ್ಪ ಚಹಾದ ಬಸಿ ಕೆಳಗಿಟ್ಟು ಹೇಳಿದ: "ನೋಡಿದಿ? ನಾ ಹೊಡಿತಿದ್ದಾಗ ಹದಿನೇಳು, ನೀ ಹೊಡ್ಯಾದಕ ಹನ್ನೊಂದು. ನಾ ಹೇಳಿದ್ದಲ್ಲ, ನಿನ್ನ ಮಗಳೇ ಬರದಾಳ. ಅರ್ಧಾ ಕ್ಲಚ್ ಒತ್ತಿಕೊಂಡೇ ಎಕಂಬಾ ತನಕ ಹೋಗ್ತಿ."

"ಕ್ಲಚ್ಚಿಗೂ ಆ ದೀಪಕ್ಕೂ ಏನು ಸಂಬಂಧ?" ಅಂದಳು ಅವ್ವ.

"ಅದೆಲ್ಲ ನಂಗೊತ್ತಿಲ್ಲ. ಗಂಜಿನ್ಯಾಗ ಒಬ್ಬರು ಗಾಡಿ ಕೇಳ್ಯಾರ. ಎಳ್ಳಮಾಸಿ ಆದ ಮರುದಿನ ಬಂದು ನೋಡ್ತಾರ. ಅಷ್ಟರಾಗ ದೀಪ ಆರಿತು, ಇಟ್ಕೋ. ಆರಲಿಲ್ಲ, ಕೊಟ್ಟು ಬಿಡಮ್. ಬಸ್ಸು ಏನು ಸತ್ತಾವೇನು?"

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಇನ್ನು ಹನ್ನೆರಡು ದಿನ. ಅವ್ವ ಬಸಿ ತೊಳೆಯಲು ಹೋದಳು. ಮುತ್ಯಾ ಹೊರಗಿನ ಕಟ್ಟೆಯ ಮೇಲಿಂದ, "ಗಾಡಿ ನಂದು, ಮಾರೋನು ಇಂವ," ಅಂತ ಗೋಡೆಗೆ ಹೇಳಿದ.

ಅದೇ ಮಧ್ಯಾಹ್ನ ನಾನೂ ಅವ್ವನೂ ಭಾಲ್ಕಿಗೆ ಹೋದೆವು. ನಮ್ಮ ಲ್ಯಾಬಿನ ಎದುರಿಗೆ ಗಾಡಿಗಳ ರೋಗ ನೋಡುವ ಹುಡುಗನೊಬ್ಬ ಅಂಗಡಿ ಇಟ್ಟಿದ್ದಾನೆ. ಹೈದರಾಬಾದಿನಲ್ಲಿ ಕಲಿತು ಬಂದವನು. ತನ್ನ ಸ್ಕ್ಯಾನರಿನ ಮೇಲೆ ಅವನಿಗೆ ಎಷ್ಟು ಅಭಿಮಾನವೋ ತಲೆಗೂದಲಿನ ಮೇಲೂ ಅಷ್ಟೇ. ಎರಡನ್ನೂ ಐದು ನಿಮಿಷಕ್ಕೊಮ್ಮೆ ಒರೆಸಿಕೊಳ್ಳುತ್ತಾನೆ. ನನಗೆ ಬಾಜಿ, ಅಂದರೆ ಅಕ್ಕ, ಅನ್ನುತ್ತಾನೆ, ಅವ್ವನಿಗೆ ಟೀಚರಮ್ಮ.

ಸ್ಟಿಯರಿಂಗಿನ ಕೆಳಗಿನ ತೂತಿಗೆ ವೈರು ಚುಚ್ಚಿ, ಪರದೆ ನೋಡಿ ಅಂದ: "ಇಂಜಿನ್ ಏನು ಹೇಳ್ಲತ್ತದ ಕೇಳ್ರಿ ಟೀಚರಮ್ಮ. ಹವಾ ಜಾಸ್ತಿ ಅದ, ಪೆಟ್ರೋಲ್ ಕಮ್ಮಿ ಅದ ಅಂತ."

"ಪೆಟ್ರೋಲ್ ಕಮ್ಮಿ? ಇದರ ವಾಸನಿ ನೋಡಿದ್ರ ಪೆಟ್ರೋಲಿನ್ಯಾಗೇ ಜಳಕಾ ಮಾಡ್ಯಾದ."

"ಅದೇ ಮಜಾ ರೀ." ಅವನು ಬಾನೆಟ್ ಎತ್ತಿ, ಇಂಜಿನ್ನಿನಿಂದ ಹೊಗೆ ಹೊರಡುವ ಕೊಳವೆಯ ಬುಡದಲ್ಲಿ ಬೆರಳಿನಷ್ಟು ಉದ್ದದ ಒಂದು ಕಬ್ಬಿಣದ ಮೊಳೆ ತೋರಿಸಿದ. ಅದರ ಬಾಲಕ್ಕೆ ವೈರುಗಳಿದ್ದವು. ಅದೇ ಆಕ್ಸಿಜನ್ ಸೆನ್ಸರ್. ಸುಟ್ಟ ಹೊಗೆಯಲ್ಲಿ ಇನ್ನೂ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಅದು ಮೂಸಿ ನೋಡಿ ಗಾಡಿಯ ಕಂಪ್ಯೂಟರಿಗೆ ಹೇಳುತ್ತದೆ. ಹೆಚ್ಚು ಉಳಿದಿದ್ದರೆ ಕಂಪ್ಯೂಟರ್ ಪೆಟ್ರೋಲು ಏರಿಸುತ್ತದೆ, ಕಡಿಮೆಯಿದ್ದರೆ ಇಳಿಸುತ್ತದೆ. ಹೀಗೆ ಏರಿಸುತ್ತಾ ಇಳಿಸುತ್ತಾ ಹದ ಹಿಡಿಯಬೇಕು. ಪರದೆಯಲ್ಲಿ ಆ ಸೆನ್ಸರಿನ ಗೆರೆ ಅಲೆಯ ಹಾಗೆ ಮೇಲೆ ಕೆಳಗೆ ಆಡಬೇಕು. ನಮ್ಮದು ತಳದಲ್ಲಿ ನೆಟ್ಟಗೆ ಮಲಗಿತ್ತು.

ಅವ್ವ ಸ್ವಲ್ಪ ಹೊತ್ತು ಗೆರೆ ನೋಡಿದಳು. "ಅಂದ್ರ ನೆಗಡಿ ಆದವರ ಮುಂದ ಸಾರು ಇಟ್ಟು ಉಪ್ಪು ನೋಡ್ರಿ ಅಂದಂಗ ಆಯ್ತು. ಅವರು ಕಮ್ಮಿ ಅದ ಕಮ್ಮಿ ಅದ ಅಂತಾರ, ಅಡಗಿ ಮಾಡಾಕಿ ಹಾಕ್ಕೋತೇ ಹೋಗ್ತಾಳ."

ಅವನು ಕೂದಲು ಒರೆಸಿಕೊಳ್ಳುವುದನ್ನೇ ಮರೆತ. "ಅರೇ ವಾಹ್! ಇನ್ನ ಮ್ಯಾಲ ನಾ ಎಲ್ಲರಿಗೂ ಇದೇ ಹೇಳ್ತೇನಿ, ಟೀಚರಮ್ಮ ಹೇಳ್ಯಾರ ಅನ್ನಂಗಿಲ್ಲ ಮತ್ತ."

ಆದರೆ ಗೆರೆ ಮಲಗಿದೆ ಎಂದಮಾತ್ರಕ್ಕೆ ಸೆನ್ಸರ್ ಸತ್ತಿದೆ ಎನ್ನುವಂತಿಲ್ಲ. ಕೊಳವೆ ಎಲ್ಲಿಯಾದರೂ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಸೇರಿ, ಒಳ್ಳೆಯ ಸೆನ್ಸರೂ ಹೀಗೇ ಹೇಳುತ್ತದೆ. ಅದಕ್ಕೆ ಅವನು ಒದ್ದೆ ಚಿಂದಿ ಮಡಚಿ ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿದ. ನಾವಿಬ್ಬರೂ ಬಾನೆಟ್ಟಿನೊಳಗೆ ಕಿವಿ ಇಟ್ಟು ಎಲ್ಲಿಯಾದರೂ ಫುಸ್ ಅನ್ನುತ್ತದೆಯೇ ಎಂದು ಕೇಳಿದೆವು. ಇಲ್ಲ. ಆಮೇಲೆ ಅವನು ಇಂಜಿನ್ನಿಗೆ ಗಾಳಿ ಹೋಗುವ ಬಾಯಿಯನ್ನೇ ಅಂಗೈಯಿಂದ ಅರ್ಧ ಮುಚ್ಚಿದ. ಗಾಳಿ ಕಡಿಮೆಯಾದಾಗ ಸರಿಯಿರುವ ಸೆನ್ಸರಿನ ಗೆರೆ ಟಣ್ ಅಂತ ಮೇಲೆ ಹಾರಬೇಕು. ಇಂಜಿನ್ ಕೆಮ್ಮಿತು, ಹಿಂದಿನಿಂದ ಕರಿ ಹೊಗೆ ಬಂದು ಎದುರಿನ ಚಹಾದಂಗಡಿಯವನು ಬೈದ. ಗೆರೆ ಕದಲಲಿಲ್ಲ.

"ಖತಮ್," ಅಂದ. "ಹೊಸದು ಹಾಕ್ರಿ. ಒಂದು ಮಾತು ಧ್ಯಾನದಾಗ ಇಡ್ರಿ. ಇಂಥಾವು ಎರಡು ಅವ. ಹೊಗಿ ಸಾಫ್ ಮಾಡೋ ಡಬ್ಬಿಯ ಮುಂದ ಒಂದು, ಹಿಂದ ಒಂದು. ಹಿಂದಿಂದು ಚಲೋ ಅದ, ಅದಕ ಕೈ ಹಚ್ಚಬ್ಯಾಡ್ರಿ. ಮೊದಲಿಂದು ಅಷ್ಟೇ."

ಆ "ಮೊದಲಿಂದು" ಎಂಬ ಮಾತನ್ನು ಅವ್ವ ಬೀದರಿನವರೆಗೆ ಜೋಪಾನವಾಗಿ ತಂದಳು.

ಮನೆಯಲ್ಲಿ ಆಕ್ಸಿಜನ್ ಅಂದ ಕೂಡಲೆ ಮುತ್ಯಾ ಎದ್ದು ಕೂತ. "ಆಕ್ಸಿಜನ್ ಹಚ್ಚ್ಯಾರ? ಹಂಗಾರ ಉಳಿಯಂಗಿಲ್ಲ ಬಿಡು. ನಮ್ಮ ಬೀಗರಿಗೂ ಹಚ್ಚಿದ್ರು." ಹಚ್ಚುವುದಲ್ಲ, ಮೂಸುವುದು ಎಂದು ತಿಳಿಸಿ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.

ಹೊಸ ಸೆನ್ಸರ್ ಶನಿವಾರ ಕೊರಿಯರಿನಲ್ಲಿ ಬಂತು. ಭಾಲ್ಕಿಯವನೇ ಕೂಡಿಸಲಿ ಎಂದು ನಾನಂದೆ. ಅಪ್ಪ ಒಪ್ಪಲಿಲ್ಲ. ಗಂಜಿನ ಹಿಂದೆ ನಮ್ಮ ಹಳೆಯ ಮಿಸ್ತ್ರಿ ಇದ್ದಾನೆ, ಹಣೆ ತುಂಬ ವಿಭೂತಿಯ ಮನುಷ್ಯ. ಮುತ್ಯಾನ ಕಾಲದಿಂದ ಈ ಗಾಡಿ ನೋಡಿದವನು. ಅವನನ್ನು ಬಿಟ್ಟು ಬೇರೆಯವರ ಕೈ ಹಚ್ಚಿಸಿದರೆ ಅವನ ಮುಖ ನೋಡುವುದು ಹೇಗೆ? ಸೋಮವಾರ ಬೆಳಿಗ್ಗೆ ಅಪ್ಪ ಗಾಡಿ, ಸೆನ್ಸರು ಎರಡನ್ನೂ ಅವನಿಗೆ ಒಪ್ಪಿಸಿದ. ಅವ್ವ ಬಸ್ಸಿಗೆ ಹೋದಳು. ಹೋಗುವ ಮುಂಚೆ ಮುತ್ಯಾನ ಕೈಗೆ ಮನೆಯ ಫೋನು ಕೊಟ್ಟು, "ಮಾವಾ, ಮಿಸ್ತ್ರಿ ಫೋನ್ ಮಾಡಿ ಯಾವುದು ಅಂತ ಕೇಳಿದ್ರ ಮೊದಲಿಂದು ಅನ್ರಿ. ಬ್ಯಾರೆ ಏನೂ ಹೇಳಬ್ಯಾಡ್ರಿ. ಮೊದಲಿಂದು," ಅಂದಳು.

"ನಾ ಏನು ಸಣ್ಣ ಕೂಸೇನು? ಮೊದಲಿಂದು," ಅಂದ ಮುತ್ಯಾ.

ಸಂಜೆ ಗಾಡಿ ಮನೆಗೆ ಬಂತು. ಮಿಸ್ತ್ರಿ ಅಪ್ಪನಿಗೆ, "ಮಾಲಕರು ಹೇಳಿದಂಗೇ ಮಾಡೀನಿ," ಅಂದನಂತೆ. ದೀಪ ಆರಿತ್ತು. ಅವ್ವ ಮಂಗಳವಾರ ಹಾಡುತ್ತಾ ಹೋದಳು, ಹಾಡುತ್ತಾ ಬಂದಳು. ಬುಧವಾರ ಔರಾದ ದಾಟುವಾಗ ದೀಪ ಮತ್ತೆ ಹತ್ತಿತು.

ಆ ದಿನ ಅವಳು ಮನೆಗೆ ಬಂದು ಕೀಲಿಯನ್ನು ಅಪ್ಪನ ಮುಂದೆ ಇಟ್ಟಳು. ಅಪ್ಪ ಗೆದ್ದವನ ಹಾಗೆ ಕಾಣಲಿಲ್ಲ. ಕೀಲಿಯನ್ನು ಆಚೆ ಈಚೆ ಹೊರಳಿಸಿ, "ಹೊಸಾದು ಹಾಕಿದ್ರೂ ಹತ್ತೇದ ಅಂದ್ರ ಇನ್ನ ಯಾವುದು ಬದಲ್ ಮಾಡಮ್? ಉಳಿದಿದ್ದು ಹೊಡಿಯೋರು ಒಬ್ಬರೇ," ಅಂದ. ನಗಿಸಲು ಅಂದದ್ದು. ಯಾರೂ ನಗಲಿಲ್ಲ. ಅವ್ವ ಗೂಟದಲ್ಲಿದ್ದ ತನ್ನ ಹಳೆಯ ಬಸ್ಸಿನ ಚೀಲ ತೆಗೆದು ಧೂಳು ಝಾಡಿಸಿದಳು.

ಗುರುವಾರ ನಾನು ಭಾಲ್ಕಿಯವನಿಂದ ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಇಸಕೊಂಡು ಬಂದೆ. "ಹೊಸಾದು ಹುಟ್ಟುತ್ಲೇ ಸಾಯಂಗಿಲ್ಲ ಬಾಜಿ," ಅಂದಿದ್ದ ಅವನು. "ಗೆರಿ ನೋಡ್ರಿ. ಗೆರಿ ಆಡ್ಲತ್ತಿದ್ರ ರೋಗ ಬ್ಯಾರೆ. ಮಲಗಿದ್ರ ನನಗ ಹೇಳ್ರಿ."

ಶುಕ್ರವಾರ ಎಳ್ಳಮಾಸಿ. ಊರೆಲ್ಲ ಹೊಲಕ್ಕೆ ಹೋಗುವ ದಿನ. ಬೆಳಿಗ್ಗೆಯಿಂದ ಎಲ್ಲರ ಮನೆಯಿಂದಲೂ ಕಾಳು, ಸೊಪ್ಪು ಕೂಡಿಸಿ ಕುದಿಸುವ ಭಜ್ಜಿಯ ವಾಸನೆ. ಅಪ್ಪ ಗಂಜಿನ ಗೆಳೆಯರ ಹೊಲಕ್ಕೆ ಮುಂಚೆಯೇ ಹೋಗಿದ್ದ. ನಾನು ಅಂಗಳದಲ್ಲಿ ಗಾಡಿ ಚಾಲೂ ಮಾಡಿ, ಇಂಜಿನ್ ಬಿಸಿಯಾಗುವವರೆಗೆ ಬಿಟ್ಟು, ಫೋನಿನಲ್ಲಿ ಗೆರೆ ನೋಡಿದೆ. ತಳದಲ್ಲಿ ನೆಟ್ಟಗೆ ಮಲಗಿತ್ತು. ಭಾಲ್ಕಿಯಲ್ಲಿ ನೋಡಿದ್ದ ಅದೇ ಗೆರೆ.

"ಏನಂತದ?" ಅಂದಳು ಅವ್ವ, ಕೈಯಲ್ಲಿ ಭಜ್ಜಿಯ ಸೌಟು ಹಿಡಿದುಕೊಂಡೇ ಬಾನೆಟ್ಟಿನೊಳಗೆ ಬಗ್ಗಿ.

"ಹೊಸಾದಕ್ಕೂ ನೆಗಡಿ ಆಗ್ಯಾದ."

ಅವ್ವ ಬಗ್ಗಿದವಳು ಏಳಲಿಲ್ಲ. "ಮಗಳೇ, ಇಲ್ಲಿ ಬಾ. ಇದು ಹೊಸಾದ?"

ನೋಡಿದೆ. ಮೊಳೆಯ ಮೈತುಂಬ ತುಕ್ಕು. ತಂತಿಯ ಬ್ರಶ್ಶಿನಿಂದ ತಿಕ್ಕಿದ ಗೀರುಗಳು. ವೈರಿನ ಕವಚ ಬಿಸಿಲಿಗೆ ಬಿರಿದ ಹೊಲದ ಹಾಗೆ ಬಿರಿದಿತ್ತು.

"ನಾಲ್ಕು ದಿನದಾಗ ಇಷ್ಟು ಮುದುಕಿ ಆಗ್ಯಾದ?" ಅಂದಳು ಅವ್ವ. "ನಾ ನಿಮ್ಮಪ್ಪಗ ಕಟ್ಕೊಂಡು ಇಪ್ಪತ್ತೈದು ವರ್ಷ ಆಯ್ತು, ನನಗೇ ಇಷ್ಟು ಆಗಿಲ್ಲ."

ಮಿಸ್ತ್ರಿಯ ಅಂಗಡಿ ಬಂದ್. ಅವನ ಹೊಲ ಭಾಲ್ಕಿಯ ದಾರಿಯಲ್ಲಿದೆ ಎಂದು ಮುತ್ಯಾನಿಗೆ ಗೊತ್ತಿತ್ತು. ನಾವು ಮೂವರೂ ಹೊರಟೆವು. ದೀಪ ಹತ್ತಿಕೊಂಡೇ ಇತ್ತು. ಅವ್ವ ಹಾಡಲಿಲ್ಲ.

ಹೊಲದಲ್ಲಿ ಮಾವಿನ ಮರದ ಕೆಳಗೆ ಮಿಸ್ತ್ರಿಯ ಇಡೀ ಬಳಗ ಊಟಕ್ಕೆ ಕೂತಿತ್ತು. ನಮ್ಮನ್ನು ಕಂಡು, "ಬರ್ರಿ ಮಾಲಕರೇ, ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ, ಕೂಡ್ರಿ ಕೂಡ್ರಿ," ಎಂದು ಎದ್ದ. ಅವ್ವ ಕೂಡಲಿಲ್ಲ. "ಕಾಕಾ, ಹೊಸಾ ಸೆನ್ಸರ್ ಎಲ್ಲಿ?" ಅಂದಳು.

"ನನ್ನ ಹತ್ರ ಅದ. ಸ್ಕೂಟರಿನ ಡಿಕ್ಕಿಯಾಗ. ವಾಪಸ್ ಕಳಸ್ತೀರಿ ಅಂತ ಡಬ್ಬಿ ಸುದ್ದಾ ಹರಿದಿಲ್ಲ, ಜ್ವಾಕಿ ಇಟ್ಟೀನಿ."

"ವಾಪಸ್ ಯಾಕ ಕಳಸ್ತೇವಿ?"

"ಮಾಲಕರೇ ಹೇಳ್ಯಾರಲ್ರಿ! ಬ್ಯಾಟರಿ ವೈರ್ ತೆಗೆದು ದೀಪ ಆರಿಸಿದೆ, ಹಳೇದು ಬಿಚ್ಚಿ ತಿಕ್ಕಿ ಬೆಳ್ಳಗ ಮಾಡಿದೆ. ಒಂದು ಕೈಯಾಗ ಅದು, ಒಂದು ಕೈಯಾಗ ಹೊಸಾದು. ಫೋನ್ ಹಚ್ಚಿ ಕೇಳಿದೆ, ಮಾಲಕರೇ, ಯಾವುದು ಹಾಕ್ಲಿ ಅಂತ. ಮೊದಲಿಂದೇ ಹಾಕು ಅಂದ್ರು."

ಎಲ್ಲರೂ ಮುತ್ಯಾನ ಕಡೆ ನೋಡಿದರು.

"ಹೌದು ಅಂದೆ!" ಅಂದ ಮುತ್ಯಾ, ಕೋಲು ನೆಲಕ್ಕೆ ಕುಟ್ಟಿ. "ಮೊದಲಿಂದು! ಇಂಜಿನ್ನಿಗಿ ಮೊದಲಿಂದು! ಹಿಂದಿಂದಲ್ಲ, ಮೊದಲಿಂದು!"

"ಮೊದಲಿಂದು ಅಂದ್ರ ಮೊದಲ ಇದ್ದದ್ದು! ನಾ ಏನು ತಿಳ್ಕೋಬೇಕು?"

"ನಾ ಹೊಸಾದು ತರಿಸಿ ಹಳೇದು ಹಾಕು ಅಂತೇನಿ ಏನಲೇ? ನನಗೇನು ಬುದ್ಧಿ ಇಲ್ಲೇನು?"

ಮಿಸ್ತ್ರಿ ಈಗ ನನ್ನ ಕಡೆ ತಿರುಗಿದ. "ನೀವೇ ಹೇಳ್ರಿ ಅವ್ವಾರ. ಈ ಮನುಷ್ಯ ಎಂದಾದರೂ ಹೊಸಾದು ಹಾಕು ಅಂದಾನ? ಹೊಸಾ ಟಯರ್ ತಂದ್ರ ಮೊದಲಿಂದೇ ಚಲೋ ಇತ್ತು ಅಂದ. ಹೊಸಾ ರಸ್ತೆ ಆದ್ರ ಮೊದಲಿಂದೇ ಚಲೋ ಇತ್ತು ಅಂದ. ನನ್ನ ಮಗ ಅಂಗಡಿಗಿ ಬಂದು ಕುಂತ್ರ, ಮಿಸ್ತ್ರಿ ಮೊದಲಿಂದೇ ಚಲೋ ಇದ್ದ ಅಂದ! ಅಂಥವರು ಮೊದಲಿಂದೇ ಹಾಕು ಅಂದ್ರ ನಾ ಹಾಕಬಾರದೇನು?"

ಮೊದಲು ನಕ್ಕವಳು ಅವ್ವ. ಆಮೇಲೆ ಮಿಸ್ತ್ರಿಯ ಹೆಂಡತಿ. ಆಮೇಲೆ ಮಾವಿನ ಮರದ ಕೆಳಗೆ ನಗದೆ ಯಾರೂ ಉಳಿಯಲಿಲ್ಲ. ಮುತ್ಯಾ ಕೊನೆಗೆ, "ಅಂಬಲಿ ಆದರೂ ಹೊಸಾದು ಅದೇನು, ನಿನ್ನಿಂದು?" ಎಂದು ಕೂತುಬಿಟ್ಟ.

ಕೊಳವೆ ಕಾದಿತ್ತು, ಆರುವವರೆಗೆ ಮುಟ್ಟುವಂತಿರಲಿಲ್ಲ. ಹಾಗಾಗಿ ಎಲ್ಲರೂ ಊಟ ಮಾಡಿದೆವು. ಆಮೇಲೆ ಮಿಸ್ತ್ರಿ ಡಿಕ್ಕಿಯಿಂದ ಪಾನಾ ತೆಗೆದು, ಹಳೆಯದನ್ನು ಬಿಚ್ಚಿ, ಡಬ್ಬಿ ಒಡೆದು ಹೊಸದನ್ನು ಕೂಡಿಸಿದ. ಫೋನಿನಿಂದ ದೀಪ ಆರಿಸಿ, ಗಾಡಿ ಚಾಲೂ ಮಾಡಿ ಫೋನು ಹಿಡಿದೆ. ಗೆರೆ ಒಂದಿಷ್ಟು ಹೊತ್ತು ಮಲಗಿಯೇ ಇತ್ತು. ಅವ್ವ ನನ್ನ ಭುಜ ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ನೋಯುತ್ತಿತ್ತು. ಆಮೇಲೆ ಗೆರೆ ಒಮ್ಮೆ ಎದ್ದಿತು, ಬಿತ್ತು, ಮತ್ತೆ ಎದ್ದಿತು. ಆಮೇಲೆ ನಿಲ್ಲಲೇ ಇಲ್ಲ. ಮಿಸ್ತ್ರಿ ಗಾಳಿಯ ಬಾಯಿಗೆ ಅಂಗೈ ಇಟ್ಟ. ಗೆರೆ ಟಣ್ ಅಂತ ಮೇಲೆ ಹಾರಿತು.

"ಹಾರಿತು!" ಎಂದು ಕೂಗಿದವನು ಮುತ್ಯಾ. ಅವನ ಕಣ್ಣಿಗೆ ಪರದೆ ಕಾಣುವುದೇ ಇಲ್ಲ.

ಮರಳಿ ಬರುವಾಗ ಅವ್ವ ಹಾಡಿದಳು. ಮುತ್ಯಾ ಹಿಂದಿನ ಸೀಟಿನಿಂದ ತಾಳ ತಪ್ಪಿಸಿ ದನಿಗೂಡಿಸಿದ. ಸಂಜೆ ಅಪ್ಪನಿಗೆ ನಡೆದದ್ದನ್ನು ಮೂವರೂ ಒಟ್ಟಿಗೆ ಹೇಳಿದ್ದರಿಂದ ಅವನಿಗೆ ಮೂರು ಸಲ ಕೇಳಬೇಕಾಯಿತು. ಕೇಳಿದಮೇಲೆ ಕೀಲಿ ತಗೊಂಡು ಹೊರಗೆ ಹೋದ. ಒಬ್ಬನೇ ಗಂಜಿನವರೆಗೆ ಓಡಿಸಿಕೊಂಡು ಬಂದು ಕೀಲಿಯನ್ನು ಗೂಟಕ್ಕೆ ಹಾಕಿದ. ಆ ಗೂಟದಲ್ಲಿದ್ದ ಬಸ್ಸಿನ ಚೀಲವನ್ನು ತೆಗೆದು ಅಟ್ಟಕ್ಕೆ ಎಸೆದ.

ಮರುದಿನ ಶನಿವಾರ, ಅವ್ವನಿಗೆ ಬೆಳಗಿನ ಸಾಲಿ. ಬೇಗನೆ ಹೊರಟು ಹೋದಳು. ಒಂಬತ್ತರ ಸುಮಾರಿಗೆ ಗಾಡಿ ನೋಡುವವರು ಬಂದರು. ಅಪ್ಪ ಅವರನ್ನು ಕೂಡಿಸಿ ಚಹಾ ಹೇಳಿದ.

"ಗಾಡಿ ಎಲ್ಲದ?" ಅಂದರು ಅವರು, ಅಂಗಳದ ಕಡೆ ನೋಡಿ.

"ಎಕಂಬಾಕ ಹೋಗ್ಯಾದ."

"ಯಾವಾಗ ಬರ್ತದ?"

"ಮಧ್ಯಾಹ್ನ ಬರ್ತದ, ಸೋಮವಾರ ಮತ್ತ ಹೋಗ್ತದ," ಅಂದ ಅಪ್ಪ. "ಚಾ ತಗೋರಿ. ಅದು ಮಾರೋ ಗಾಡಿ ಅಲ್ರಿ, ನಮ್ಮ ಟೀಚರದು."

ಇದು ನಡೆದು ಈಗ ಎರಡು ತಿಂಗಳು. ದೀಪ ಹತ್ತಿಲ್ಲ. ಪೆಟ್ರೋಲಿನ ಲೆಕ್ಕ ಹದಿನಾರರ ಮೇಲೆ ನಿಂತಿದೆ. ಉಳಿದ ಒಂದಕ್ಕೆ ಅಪ್ಪ ಈಗಲೂ ಕ್ಲಚ್ಚನ್ನೇ ಬೈಯುತ್ತಾನೆ. ನನಗೆ ಗೊತ್ತಾಗದೆ ಉಳಿದದ್ದು ಒಂದೇ: ಆ ಹಳೆಯ ಸೆನ್ಸರ್ ಸತ್ತದ್ದು ಯಾತಕ್ಕೆ? ಕೆಟ್ಟ ಪೆಟ್ರೋಲು ಅನ್ನುತ್ತಾನೆ ಮಿಸ್ತ್ರಿ. ಇಂಜಿನ್ನಿನ ಮುಚ್ಚಳ ಸೋರದಂತೆ ಮಿಸ್ತ್ರಿ ಬಳಿದ ಗೋಂದಿನ ಹಬೆ ಅನ್ನುತ್ತಾನೆ ಭಾಲ್ಕಿಯವನು. ವಯಸ್ಸಾಗಿತ್ತು ಅಷ್ಟೇ ಅನ್ನುತ್ತಾಳೆ ಅವ್ವ. ಮುತ್ಯಾನನ್ನು ನಾವು ಕೇಳಿಲ್ಲ. ಇದನ್ನು ಓದುವವರಲ್ಲಿ ಇಂಥ ಸೆನ್ಸರ್ ಬಿಚ್ಚಿ ನೋಡಿದವರು, ಅದರ ತುದಿಯ ಬಣ್ಣ ನೋಡಿ ಸಾವಿನ ಕಾರಣ ಹೇಳಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ನಮ್ಮದರ ತುದಿ ಬಿಳಿಚಿಕೊಂಡಿದೆ, ಸುಣ್ಣ ಹಚ್ಚಿದ ಹಾಗೆ.